ರಿಚ್‌ಲ್ಯಾಂಡ್ ಶಾಲೆಯ ಅಣಬೆ ಮೋಡ: ಇದನ್ನು ಇನ್ನೂ ಯಾಕೆ ತೆಗೆದಿಲ್ಲ?

ಅಮೆರಿಕದ ವಾಷಿಂಗ್ಟನ್ ರಾಜ್ಯದ ರಿಚ್‌ಲ್ಯಾಂಡ್ ಊರಿನ ಸರ್ಕಾರಿ ಹೈಸ್ಕೂಲಿನ ಆಟದ ತಂಡಗಳಿಗೆ 'ಬಾಂಬರ್ಸ್' ಎಂದು ಹೆಸರು. ಬಣ್ಣ ಹಸಿರು, ಬಂಗಾರ. ಲಾಂಛನದಲ್ಲಿ ಇರುವುದು 'ಆರ್' ಅಕ್ಷರ ಮತ್ತು ಅದರಿಂದ ಮೇಲೇಳುವ ಅಣುಸ್ಫೋಟದ ಅಣಬೆ ಮೋಡ. ಜೆರ್ಸಿಯ ಮೇಲೂ ಅದೇ, ಬಾಸ್ಕೆಟ್‌ಬಾಲ್ ಅಂಕಣದ ನೆಲದ ಮೇಲೂ ಅದೇ. 'ಪ್ರೌಡ್ ಆಫ್ ದ ಕ್ಲೌಡ್', ಅಂದರೆ ಈ ಮೋಡ ನಮ್ಮ ಹೆಮ್ಮೆ ಎಂದು ಬರೆದ ಟೀ ಶರ್ಟುಗಳೂ ಊರಿನಲ್ಲಿ ಓಡಾಡುತ್ತವೆ.

ಚಿತ್ರ ಕಂಡವರೆಲ್ಲ ಕೇಳುವುದು ಒಂದೇ: 'ಮಕ್ಕಳು ಓದುವ ಶಾಲೆಗೆ ಇದಾ ಲಾಂಛನ? ಇಷ್ಟು ವರ್ಷವಾದರೂ ಯಾಕೆ ತೆಗೆದಿಲ್ಲ?' ಸಿಯಾಟಲ್ ಕಡೆ ನೆಲೆಸಿರುವ ಕನ್ನಡಿಗರು ಕೇಳುತ್ತಾರೆ, ಊರಿನಿಂದ ಮಗನ ಮನೆಗೆ ಬಂದ ಹಿರಿಯರಂತೂ ಖಂಡಿತ ಕೇಳುತ್ತಾರೆ.

ಚಿಕ್ಕ ಉತ್ತರ ಇದು. ತೆಗೆಯುವ ಅಧಿಕಾರ ಶಾಲಾ ಮಂಡಳಿಯ ಐದು ಜನರ ಕೈಯಲ್ಲಿದೆ. ಸರಿಯಾದ ಸಮಯ ನೋಡಿ ಮಾಡಿದರೆ ಖರ್ಚೂ ಜನ ಹೆದರುವಷ್ಟು ಬರುವುದಿಲ್ಲ. ಆದರೂ ಕೆಲಸ ಆಗಿಲ್ಲ. ಎರಡು ಬೇರೆ ಬೇರೆ ಚರಿತ್ರೆಗಳನ್ನು ಒಂದೇ ಲಾಂಛನದಲ್ಲಿ ಗಂಟು ಹಾಕಿ ಇಟ್ಟಿರುವುದು ಇದಕ್ಕೆ ಕಾರಣ. ಒಂದು ಕಡೆಯವರು ಒಂದರ ಮಾತೆತ್ತಿದರೆ ಇನ್ನೊಂದು ಕಡೆಯವರು ಇನ್ನೊಂದನ್ನು ಮುಂದೆ ಮಾಡುತ್ತಾರೆ.

ಮೊದಲು ಊರಿನ ಕಥೆ. ಎರಡನೇ ಮಹಾಯುದ್ಧಕ್ಕೆ ಮುನ್ನ ರಿಚ್‌ಲ್ಯಾಂಡ್ ಎಂದರೆ ಕೊಲಂಬಿಯಾ ನದಿ ದಂಡೆಯ ಕೆಲವು ನೂರು ರೈತಾಪಿ ಜನರ ಹಳ್ಳಿ. 1943ರ ಆರಂಭದಲ್ಲಿ ಅಮೆರಿಕದ ಸೇನೆ ಆ ಪ್ರದೇಶವನ್ನು ಅಣುಬಾಂಬು ತಯಾರಿಸುವ ಮ್ಯಾನ್‌ಹಟನ್ ಯೋಜನೆಗೆ ವಶಪಡಿಸಿಕೊಂಡಿತು. ಪಕ್ಕದ ಹ್ಯಾನ್‌ಫೋರ್ಡ್, ವೈಟ್ ಬ್ಲಫ್ಸ್ ಎಂಬ ಊರುಗಳನ್ನು ಖಾಲಿ ಮಾಡಿಸಿದರು. ತಲೆತಲಾಂತರದಿಂದ ಅಲ್ಲಿ ಮೀನು ಹಿಡಿಯುತ್ತಿದ್ದ ವಾನಪಮ್ ಎಂಬ ಮೂಲನಿವಾಸಿ ಜನರಿಗೆ ನದಿಯ ಆ ಭಾಗ ಮುಚ್ಚಿಹೋಯಿತು. ಅಲ್ಲಿ ಎದ್ದ ಅಣುಸ್ಥಾವರಕ್ಕೂ ಹ್ಯಾನ್‌ಫೋರ್ಡ್ ಎಂದೇ ಹೆಸರಾಯಿತು. ಡುಪಾಂಟ್ ಕಂಪನಿ ಅಲ್ಲಿ ಕಟ್ಟಿದ 'ಬಿ ರಿಯಾಕ್ಟರ್' ಬಾಂಬಿಗೆ ಬೇಕಾದ ಪ್ಲುಟೋನಿಯಂ ಅನ್ನು ಪೂರ್ಣ ಪ್ರಮಾಣದಲ್ಲಿ ತಯಾರಿಸಿದ ಪ್ರಪಂಚದ ಮೊದಲ ರಿಯಾಕ್ಟರ್. 1944ರ ಸೆಪ್ಟೆಂಬರ್ 26ರಂದು ಅದು ಚಾಲೂ ಆಯಿತು. ಕೆಲಸಕ್ಕೆ ಬಂದವರಿಗಾಗಿ ಸರ್ಕಾರವೇ ರಿಚ್‌ಲ್ಯಾಂಡ್ ಪಟ್ಟಣವನ್ನು ಕಟ್ಟಿಕೊಟ್ಟಿತು. ಮನೆ ಸರ್ಕಾರದ್ದು, ಅಂಗಡಿಯ ಜಾಗ ಸರ್ಕಾರದ್ದು, ಶಾಲೆಯ ಹಿಂದೆಯೂ ಸರ್ಕಾರ. ತಾವು ತಯಾರಿಸುತ್ತಿರುವುದು ಏನು ಎಂದು ಬಹುತೇಕ ಕಾರ್ಮಿಕರಿಗೆ ಗೊತ್ತಿರಲಿಲ್ಲ. ಅವರಿಗೆ ತಿಳಿದದ್ದು 1945ರ ಆಗಸ್ಟ್ 6ರಂದು, ಹಿರೋಶಿಮಾ ಸುದ್ದಿ ಬಂದಾಗ. ಯುದ್ಧ ಮುಗಿದಾಗ ಊರಿನ ಪತ್ರಿಕೆ 'ದಿ ವಿಲೇಜರ್', ಶಾಂತಿ ಬಂತು, ಅದನ್ನು ಖಚಿತ ಮಾಡಿದ್ದು ನಮ್ಮ ಬಾಂಬು ಎಂಬರ್ಥದ ದಪ್ಪಕ್ಷರದ ಶೀರ್ಷಿಕೆ ಹಾಕಿತು. ಶಾಲೆಗೆ ಆಗ ಕೊಲಂಬಿಯಾ ಹೈಸ್ಕೂಲ್ ಎಂದು ಹೆಸರು, ತಂಡಕ್ಕೆ 'ಬೀವರ್ಸ್'. ಯುದ್ಧ ಮುಗಿಯುವ ಆಸುಪಾಸಿನಲ್ಲಿ ಬೀವರ್ಸ್ ಹೋಗಿ ಬಾಂಬರ್ಸ್ ಬಂತು.

ಯಾವ ಬಾಂಬರ್? ಊರಿನ ಜಗಳವೆಲ್ಲ ಇರುವುದು ಇಲ್ಲಿ.

ಒಂದು ಪಕ್ಷ ತೋರಿಸುವುದು 'ಡೇಸ್ ಪೇ' ಎಂಬ ವಿಮಾನವನ್ನು. ಹ್ಯಾನ್‌ಫೋರ್ಡಿನ ಸಾವಿರಾರು ಕಾರ್ಮಿಕರು ತಲಾ ಒಂದು ದಿನದ ಸಂಬಳ ಬಿಟ್ಟುಕೊಟ್ಟು ಸೇನೆಗೆ ಕೊಡಿಸಿದ ಬಿ-17 ಬಾಂಬರ್ ಅದು. 1944ರ ಜುಲೈನಲ್ಲಿ ಹ್ಯಾನ್‌ಫೋರ್ಡಿನಲ್ಲೇ ಅದರ ನಾಮಕರಣವಾಯಿತು. ಯುರೋಪಿನ ಯುದ್ಧರಂಗದಲ್ಲಿ ಹಾರಿತು. ಬೆವರಿನ ದುಡ್ಡು ಕೂಡಿಸಿ ಕೊಟ್ಟ ವಿಮಾನ ಎಂಬ ಅಭಿಮಾನ ಸುಳ್ಳಲ್ಲ. 1993ರಲ್ಲಿ ಶಾಲೆಯ ಹೊರಗೋಡೆಯ ಮೇಲೆ ಅದರ ದೊಡ್ಡ ಚಿತ್ರ ಬಿಡಿಸಿದ್ದಾರೆ.

ಇನ್ನೊಂದು ಚರಿತ್ರೆ ಮೋಡದ್ದು. ಹ್ಯಾನ್‌ಫೋರ್ಡಿನ ಪ್ಲುಟೋನಿಯಂ ಸುಮಾರು ಆರು ಕಿಲೋ 'ಫ್ಯಾಟ್ ಮ್ಯಾನ್' ಬಾಂಬಿನೊಳಗೆ ಸೇರಿತು. ಅದನ್ನು ಹೊತ್ತದ್ದು ಬಿ-29 ಮಾದರಿಯ 'ಬಾಕ್ಸ್‌ಕಾರ್'. ಡೇಸ್ ಪೇಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. 1945ರ ಆಗಸ್ಟ್ 9ರಂದು ಆ ವಿಮಾನ ಹೊರಟಿದ್ದು ಕೊಕುರಾ ನಗರದ ಮೇಲೆ. ಅಲ್ಲಿ ಮೋಡ, ಹೊಗೆ ಕವಿದು ಗುರಿ ಕಾಣಲಿಲ್ಲ, ನಾಗಸಾಕಿಗೆ ತಿರುಗಿತು. ಬೆಳಿಗ್ಗೆ 11 ಗಂಟೆ 2 ನಿಮಿಷಕ್ಕೆ ಬಾಂಬು ಸಿಡಿಯಿತು. ವರ್ಷದ ಕೊನೆಯ ಹೊತ್ತಿಗೆ ಸುಮಾರು 70 ಸಾವಿರ ಜನ ಸತ್ತಿದ್ದರು. ಸ್ಫೋಟದ ಕೇಂದ್ರದಿಂದ ಸುಮಾರು 500 ಮೀಟರ್ ದೂರದಲ್ಲಿ ಶಿರೋಯಾಮಾ ಪ್ರಾಥಮಿಕ ಶಾಲೆಯಿತ್ತು. ಆ ಶಾಲೆಯ ಮಕ್ಕಳಲ್ಲಿ ಸುಮಾರು 1,400 ಮಂದಿ ಸತ್ತರು, ಹೆಚ್ಚಿನವರು ತಮ್ಮ ತಮ್ಮ ಮನೆಗಳಲ್ಲೇ. ಶಾಲೆಯೊಂದರ ನೆಲದ ಮೇಲಿರುವ ಚಿತ್ರದ ಬಗ್ಗೆ ಮಾತಾಡುವಾಗ ಈ ಇನ್ನೊಂದು ಶಾಲೆಯನ್ನು ಬಿಟ್ಟು ಮಾತಾಡಲು ಬರುವುದಿಲ್ಲ.

ಆಕ್ಷೇಪ ಹೊಸದೇನಲ್ಲ. 1980ರ ದಶಕದ ಕೊನೆಯಲ್ಲಿ ವಿವಾದ ಎದ್ದಾಗ ವಿದ್ಯಾರ್ಥಿಗಳ ಮತ ಕೇಳಿದರು, ಮೋಡವೇ ಗೆದ್ದಿತು. 2018ರಲ್ಲಿ ನಾಗಸಾಕಿ ಬಾಂಬಿನಿಂದ ಬದುಕುಳಿದ ಹಿರಿಯರೊಬ್ಬರು ರಿಚ್‌ಲ್ಯಾಂಡಿಗೆ ಬಂದು, ಈ ಚಿತ್ರ ಕಂಡು ನೊಂದುಕೊಂಡರು. ಮರುವರ್ಷ ಜಪಾನಿನಿಂದ ವಿನಿಮಯ ಕಾರ್ಯಕ್ರಮದಲ್ಲಿ ಬಂದು ಅದೇ ಶಾಲೆಯಲ್ಲಿ ಓದುತ್ತಿದ್ದ ಹುಡುಗಿಯೊಬ್ಬಳು ಶಾಲೆಯ ವಿಡಿಯೋ ವಾಹಿನಿಯಲ್ಲಿ ಮಾತಾಡಿದಳು. ಆಕೆಯ ಊರು ಕೊಕುರಾ ಇರುವ ಫುಕುವೋಕಾ ಪ್ರಾಂತ್ಯದಲ್ಲಿದೆ. ಲಾಂಛನ ತೆಗೆಯಿರಿ ಎಂದು ಆಕೆ ಹಟ ಹಿಡಿಯಲಿಲ್ಲ. ಆ ಮೋಡದ ಕೆಳಗಿದ್ದವರು ಸಾಮಾನ್ಯ ಜನ, ಅವರ ಸಾವು ಹೆಮ್ಮೆಪಡುವ ವಿಷಯವೇ ಎಂದು ಯೋಚಿಸಿ ಎಂದಳು. ಅಮೆರಿಕದ ಪತ್ರಿಕೆಗಳೆಲ್ಲ ಸುದ್ದಿ ಮಾಡಿದವು. ಲಾಂಛನ ಹಾಗೇ ಉಳಿಯಿತು.

ಊರಿನವರ ವಾದವನ್ನೂ ನ್ಯಾಯವಾಗಿ ಹೇಳಬೇಕು. ಯುದ್ಧ ಬೇಗ ಮುಗಿದು ತಮ್ಮ ಅಣ್ಣತಮ್ಮಂದಿರು ಜೀವಂತ ಮನೆಗೆ ಬಂದರು ಎಂದು ನಂಬಿದ ಪೀಳಿಗೆ ಅದು. ಮೂರು ತಲೆಮಾರಿನ ಹೊಟ್ಟೆಪಾಡು ಹ್ಯಾನ್‌ಫೋರ್ಡಿನದೇ. ಅದರ ಬೆಲೆಯನ್ನೂ ಅವರೇ ತೆತ್ತಿದ್ದಾರೆ: 1949ರ ಡಿಸೆಂಬರಿನಲ್ಲಿ 'ಗ್ರೀನ್ ರನ್' ಎಂಬ ರಹಸ್ಯ ಪ್ರಯೋಗದಲ್ಲಿ ವಿಕಿರಣಶೀಲ ಅಯೋಡಿನ್ನನ್ನು ಬೇಕೆಂದೇ ಗಾಳಿಗೆ ಬಿಟ್ಟರು, ಜನರಿಗೆ ತಿಳಿಸಲಿಲ್ಲ. ಭೂಮಿಯೊಳಗಿನ 177 ಟ್ಯಾಂಕುಗಳಲ್ಲಿ ತುಂಬಿಟ್ಟ ವಿಕಿರಣ ತ್ಯಾಜ್ಯವನ್ನು ಶುದ್ಧೀಕರಿಸುವ ಕೆಲಸ ಇಂದಿಗೂ ಮುಗಿದಿಲ್ಲ. ಊರಿನ ಬಹಳಷ್ಟು ಉದ್ಯೋಗ ಈಗ ಅದರಿಂದಲೇ. ಇಂಥ ಊರಿಗೆ ಹೊರಗಿನವರು ಬಂದು 'ನಿಮಗೆ ನಾಚಿಕೆಯಾಗಬೇಕು' ಎಂದರೆ ಊರು ಬಾಗಿಲು ಹಾಕಿಕೊಳ್ಳುತ್ತದೆ. ಹಾಕಿಕೊಂಡಿದೆ ಕೂಡ.

ಆದರೆ ಈ ವಾದ ಕೇಳಿದ ಮೇಲೂ ಮೋಡ ಹೋಗಬೇಕು ಎಂಬುದೇ ನನ್ನ ಅಭಿಪ್ರಾಯ. ಕಾರ್ಮಿಕರ ದುಡಿಮೆ, ಎಂಜಿನಿಯರುಗಳ ಜಾಣ್ಮೆ, ಒಂದು ದಿನದ ಸಂಬಳ, ಇದ್ಯಾವುದೂ ಆ ಚಿತ್ರದಲ್ಲಿ ಇಲ್ಲ. ಅದರಲ್ಲಿರುವುದು ಸ್ಫೋಟದ ನಂತರದ ಕ್ಷಣ ಮಾತ್ರ. ಹೆಮ್ಮೆ ವಿಮಾನದ್ದೇ ಆದರೆ ವಿಮಾನವನ್ನೇ ಬರೆಯಲಿ. ಬಾಂಬರ್ಸ್ ಎಂಬ ಹೆಸರು ಬೇಕಾದರೆ ಇರಲಿ. ಹೆಸರಿಗೂ ವಿರೋಧವಿರುವವರು ಇದ್ದಾರೆ, ಅವರ ಮಾತಲ್ಲೂ ಹುರುಳಿದೆ. ಯುರೋಪಿನಲ್ಲಿ ಬಿ-17 ಹಾಕಿದ್ದೂ ಹೂವನ್ನಲ್ಲ. ಆದರೆ ಹೆಸರು, ಚಿತ್ರ ಎರಡನ್ನೂ ಒಟ್ಟಿಗೆ ಕೀಳಲು ಹೋದರೆ ಎರಡೂ ಉಳಿದುಕೊಳ್ಳುವ ಸಾಧ್ಯತೆಯೇ ಹೆಚ್ಚು.

ಕಾನೂನು ಇಲ್ಲಿ ನೆರವಿಗೆ ಬರುವುದಿಲ್ಲ. ಅಮೆರಿಕದ ಮೂಲನಿವಾಸಿಗಳ ಹೆಸರು, ಚಿತ್ರ, ಚಿಹ್ನೆಗಳನ್ನು ಸರ್ಕಾರಿ ಶಾಲೆಗಳು ಮ್ಯಾಸ್ಕಾಟ್, ಅಂದರೆ ತಂಡದ ಗುರುತು, ಮಾಡಿಕೊಳ್ಳುವುದನ್ನು ವಾಷಿಂಗ್ಟನ್ ರಾಜ್ಯ 2021ರಲ್ಲಿ ಕಾನೂನು ಮಾಡಿ ನಿಷೇಧಿಸಿತು. ಬುಡಕಟ್ಟಿನ ಜೊತೆ ಸಮಾಲೋಚಿಸಿ ಒಪ್ಪಿಗೆ ಪಡೆದರೆ ವಿನಾಯಿತಿ ಉಂಟು. ಅಣಬೆ ಮೋಡ ಈ ಕಾನೂನಿನ ವ್ಯಾಪ್ತಿಗೆ ಬರುವುದಿಲ್ಲ. ಹಾಗಾಗಿ ತೀರ್ಮಾನ ಐದು ಸದಸ್ಯರ ಶಾಲಾ ಮಂಡಳಿಯದೇ, ಮೂರು ಮತ ಬಿದ್ದರೆ ಸಾಕು. ಅದೂ ಸಾರ್ವಜನಿಕ ಸಭೆಯಲ್ಲೇ ಆಗಬೇಕು, ಒಳಗೊಳಗೇ ಮುಗಿಸುವಂತಿಲ್ಲ.

ಸದಸ್ಯರು ಯಾಕೆ ಹಿಂಜರಿಯುತ್ತಾರೆ ಎಂಬುದಕ್ಕೂ ಕಾರಣವಿದೆ. ಕೋವಿಡ್ ಕಾಲದಲ್ಲಿ, 2022ರ ಫೆಬ್ರವರಿಯಲ್ಲಿ, ರಾಜ್ಯದ ಆದೇಶ ಜಾರಿಯಲ್ಲಿದ್ದಾಗಲೇ ಮಾಸ್ಕ್ ಕಡ್ಡಾಯವಲ್ಲ ಎಂದು ಮತ ಹಾಕಿದ ಇದೇ ಮಂಡಳಿಯ ಮೂವರನ್ನು 2023ರ ಆಗಸ್ಟಿನಲ್ಲಿ ಮತದಾರರು ಅವಧಿಗೆ ಮುಂಚೆಯೇ ಮನೆಗೆ ಕಳಿಸಿದರು. ಲಾಂಛನ ಬದಲಿಸಿದ ಮಾತ್ರಕ್ಕೆ ಹೀಗೆ ಕಿತ್ತುಹಾಕಲು ಆಗುವುದಿಲ್ಲ. ಆ ರಾಜ್ಯದಲ್ಲಿ ರಿಕಾಲ್‌ಗೆ ದುರ್ನಡತೆಯ ಅಥವಾ ಪ್ರಮಾಣವಚನ ಮುರಿದ ಆರೋಪ ಬೇಕು, ಅದು ವಿಚಾರಣೆಗೆ ಯೋಗ್ಯವೇ ಎಂದು ಕೋರ್ಟು ಮೊದಲು ನೋಡುತ್ತದೆ. ನಿಜವಾದ ಅಪಾಯ ಬೇರೆ ಕಡೆ ಇದೆ. ಹೊಸ ಶಾಲಾ ಕಟ್ಟಡಕ್ಕೆ ಬಾಂಡ್, ಅಂದರೆ ಸಾರ್ವಜನಿಕ ಸಾಲ, ಎತ್ತಬೇಕಾದರೆ ಮತದಾನದಲ್ಲಿ ಶೇ. 60 ಮತ ಬೇಕು. ಹಳೆ ವಿದ್ಯಾರ್ಥಿಗಳು ಮುನಿಸಿಕೊಂಡರೆ ಆ ಶೇ. 60 ದಾಟುವುದು ಕಷ್ಟ. ವರ್ಮಾಂಟ್ ರಾಜ್ಯದ ಸೌತ್ ಬರ್ಲಿಂಗ್ಟನ್‌ನಲ್ಲಿ ಇಂಥದ್ದೇ ನಡೆಯಿತು. ದಕ್ಷಿಣದ ಗುಲಾಮಿ ರಾಜ್ಯಗಳ ಸೈನ್ಯವನ್ನು ನೆನಪಿಸುತ್ತಿದ್ದ 'ರೆಬೆಲ್ಸ್' ಹೆಸರನ್ನು ಅಲ್ಲಿನ ಮಂಡಳಿ 2017ರಲ್ಲಿ ಕೈಬಿಟ್ಟಿತು, ಆ ವರ್ಷ ಶಾಲೆಯ ಬಜೆಟ್ ಮತದಾನದಲ್ಲಿ ಎರಡೆರಡು ಸಲ ಬಿದ್ದುಹೋಯಿತು. ಹೆಸರು ಮಾತ್ರ ವಾಪಸ್ ಬರಲಿಲ್ಲ. ತಂಡ ಈಗ 'ವುಲ್ವ್ಸ್'.

ಇನ್ನು ಖರ್ಚು. ದೊಡ್ಡ ಬಾಬತ್ತು ಎರಡೇ: ಅಂಕಣದ ನೆಲ, ಆಟಗಾರರ ಉಡುಪು. ಉಡುಪು ಹೇಗೂ ಮೂರರಿಂದ ಐದು ವರ್ಷಕ್ಕೊಮ್ಮೆ ಒಂದೊಂದು ಆಟಕ್ಕೆ ಸರದಿ ಪ್ರಕಾರ ಬದಲಾಗುತ್ತದೆ. ಸರದಿ ಬಂದ ಹಾಗೆ ಹೊಸ ಲಾಂಛನ ಹಾಕಿದರೆ ಹೆಚ್ಚುವರಿ ಖರ್ಚು ಹತ್ತಿರ ಹತ್ತಿರ ಸೊನ್ನೆ. ನೆಲದ ವಿಷಯದಲ್ಲಿ ಎಡವುವವರೇ ಜಾಸ್ತಿ. ಅಂಕಣದ ನೆಲ ಮೇಪಲ್ ಮರದ ಪಟ್ಟಿಗಳದ್ದು, ಸುಮಾರು 20 ಮಿಲಿಮೀಟರ್ ದಪ್ಪ. ಲಾಂಛನದ ಬಣ್ಣ ಇರುವುದು ಸೀಲರಿನ (ಬರಿ ಮರಕ್ಕೆ ಮೊದಲು ಬಳಿಯುವ ಲೇಪದ) ಮೇಲೆ, ಪಾರದರ್ಶಕ ಪಾಲಿಶಿನ ಕೆಳಗೆ. ಮೇಲಿಂದ ಇನ್ನೊಂದು ಬಣ್ಣ ಬಳಿದರೆ ಅದು ಹಿಡಿದು ನಿಲ್ಲುವುದಿಲ್ಲ, ಆಟದ ಓಡಾಟಕ್ಕೆ ಚಕ್ಕೆ ಏಳುತ್ತದೆ. ನಡುವಿನ ವೃತ್ತವನ್ನು ಮಾತ್ರ ಯಂತ್ರದಿಂದ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ, ಚೆಂಡು ಪುಟಿಯುವುದರಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಇನ್ನೊಂದು ತೊಂದರೆ: ಬಣ್ಣದ ಕೆಳಗಿನ ಮರಕ್ಕೆ ಬೆಳಕು ತಾಗಿರುವುದಿಲ್ಲ, ಸುತ್ತಲಿನ ಮರ ವರ್ಷಗಳಲ್ಲಿ ಹಳದಿಗೆ ತಿರುಗಿರುತ್ತದೆ. ಅರೆಬರೆ ಉಜ್ಜಿದರೆ ಮೋಡದ ಆಕಾರ ಮಸುಕಾಗಿ ಹಾಗೇ ಕಾಣುತ್ತಿರುತ್ತದೆ. ಇಡೀ ನೆಲವನ್ನು ಬರಿ ಮರ ಕಾಣುವವರೆಗೆ ಉಜ್ಜಿ, ಎರಡು ಕೋಟ್ ಸೀಲರ್, ಗೆರೆ ಮತ್ತು ಲಾಂಛನದ ಬಣ್ಣ, ಮೇಲೆ ಎರಡು ಕೋಟ್ ಪಾಲಿಶ್ ಕೊಡುವುದೊಂದೇ ಸರಿಯಾದ ದಾರಿ. ಹತ್ತು ವರ್ಷಕ್ಕೊಮ್ಮೆ ಈ ಕೆಲಸ ಹೇಗೂ ಮಾಡಿಸಲೇಬೇಕು. ಆ ಬೇಸಿಗೆ ರಜೆ ಯಾವುದೆಂದು ನೋಡಿಕೊಂಡು ಅದಕ್ಕೆ ಒಂದು ವರ್ಷ ಮುಂಚೆ ಮಂಡಳಿ ನಿರ್ಣಯ ಮಾಡಿದರೆ ನೆಲದ ಖರ್ಚೂ ಲಾಂಛನದ ತಲೆಗೆ ಬರುವುದಿಲ್ಲ.

ಲಾಂಛನವನ್ನು ಕಟ್ಟಡಕ್ಕೇ ಬೆಸೆದುಬಿಟ್ಟರೆ ಮಾತ್ರ ಕಷ್ಟ. ನಾರ್ತ್ ಡಕೋಟಾ ವಿಶ್ವವಿದ್ಯಾಲಯಕ್ಕೆ 2001ರಲ್ಲಿ ಐಸ್ ಹಾಕಿ ಕ್ರೀಡಾಂಗಣ ಕಟ್ಟಿಸಿಕೊಟ್ಟ ದಾನಿ ರಾಲ್ಫ್ ಎಂಗೆಲ್‌ಸ್ಟಾಡ್, ಸೂ ಎಂಬ ಮೂಲನಿವಾಸಿ ಜನರ ಹೆಸರಿನ 'ಫೈಟಿಂಗ್ ಸೂ' ಲಾಂಛನ ತೆಗೆದರೆ ಕಟ್ಟಡವನ್ನೇ ಅರ್ಧಕ್ಕೆ ನಿಲ್ಲಿಸುತ್ತೇನೆ ಎಂದಿದ್ದರು. ಆಮೇಲೆ ಕಲ್ಲಿನಲ್ಲಿ, ಹಿತ್ತಾಳೆಯಲ್ಲಿ ಸಾವಿರಾರು ಲಾಂಛನ ಕೂರಿಸಿದರು. 2012ರಲ್ಲಿ ಇಡೀ ರಾಜ್ಯದ ಮತದಾರರು ಆ ಹೆಸರನ್ನು ಬಿಡಲು ಒಪ್ಪಿದ ಮೇಲೂ ಅವುಗಳಲ್ಲಿ ಎಷ್ಟೋ ಗೋಡೆಯಲ್ಲೇ ಉಳಿದವು. ರಿಚ್‌ಲ್ಯಾಂಡಿಗೆ ಆ ತಾಪತ್ರಯವಿಲ್ಲ, ಮೋಡ ಇರುವುದು ಬಣ್ಣದಲ್ಲಿ, ಬಟ್ಟೆಯಲ್ಲಿ.

ಹೆಸರು ಉಳಿಸಿ ಚಿತ್ರ ಬದಲಿಸಿದ ಉದಾಹರಣೆ ಕ್ಯಾಲಿಫೋರ್ನಿಯಾ ರಾಜ್ಯದಲ್ಲಿದೆ. ಖರ್ಜೂರ ಬೆಳೆಯುವ ಕೋಚೆಲ್ಲಾ ಕಣಿವೆಯ ಹೈಸ್ಕೂಲಿನ ತಂಡಕ್ಕೆ 'ಅರಬ್ಸ್' ಎಂಬ ಹೆಸರು ಬಂದದ್ದೇ ಆ ಬೆಳೆಯ ದೆಸೆಯಿಂದ. ಕೊಕ್ಕೆ ಮೂಗಿನ, ಗುರುಗುಟ್ಟುವ ಮುಖ ಲಾಂಛನವಾಗಿತ್ತು. ಆಟದ ಬಿಡುವಿನಲ್ಲಿ ಹೊಟ್ಟೆ ಕುಣಿಸುವ ನೃತ್ಯ ಬೇರೆ. 2013ರಲ್ಲಿ ಅರಬ್ ಅಮೆರಿಕನ್ನರ ಸಂಘಟನೆಯೊಂದು ಪತ್ರ ಬರೆದು ಆಕ್ಷೇಪಿಸಿತು. ಶಾಲೆಯವರು ಅದೇ ಸಂಘಟನೆಯನ್ನು ಕೂರಿಸಿಕೊಂಡು ಮಾತಾಡಿದರು. 2014ರಲ್ಲಿ ಹೆಸರು 'ಮೈಟಿ ಅರಬ್ಸ್' ಆಯಿತು, ಗಂಭೀರವಾದ ಹೊಸ ಮುಖ ಬಂತು, ನೃತ್ಯ ನಿಂತಿತು.

ರಿಚ್‌ಲ್ಯಾಂಡಿನಲ್ಲಿ ಮುಂದೆ ಯಾರಾದರೂ ಅಭಿಪ್ರಾಯ ಸಂಗ್ರಹಿಸುವುದಾದರೆ 'ಬಾಂಬರ್ಸ್ ಇರಬೇಕೇ, ಬೇಡವೇ' ಎಂಬ ಒಂದೇ ಪ್ರಶ್ನೆ ಇಡಬಾರದು. ಅದರಲ್ಲಿ ಮೋಡ ಹೆಸರಿನ ಬೆನ್ನಿಗೆ ಅಡಗಿ ಪಾಸಾಗಿಬಿಡುತ್ತದೆ. ಹೆಸರಿಗೊಂದು, ಚಿತ್ರಕ್ಕೊಂದು ಎಂದು ಎರಡು ಪ್ರಶ್ನೆ ಬೇಕು. ಚಿತ್ರದ ಪ್ರಶ್ನೆಯ ಪಕ್ಕದಲ್ಲಿ ಬಿ-17ರ ಸಿದ್ಧ ವಿನ್ಯಾಸವನ್ನು ಕಣ್ಣಿಗೆ ಕಾಣುವಂತೆ ಇಡಬೇಕು, ಖಾಲಿ ಜಾಗ ತೋರಿಸಿ ಮತ ಕೇಳಿದರೆ ಜನ ಇರುವುದನ್ನೇ ಹಿಡಿದುಕೊಳ್ಳುತ್ತಾರೆ. ಹಳೆಯ ಪದಕ, ವಾರ್ಷಿಕ ಸಂಚಿಕೆ, ಗೋಡೆಯ ಫೋಟೋಗಳಿಗೆ ಕೈ ಹಚ್ಚುವುದಿಲ್ಲ ಎಂದು ನಿರ್ಣಯದಲ್ಲೇ ಬರೆಯಬೇಕು. ಹಳೆ ವಿದ್ಯಾರ್ಥಿಗಳ ಅರ್ಧ ಸಿಟ್ಟು ಅಲ್ಲಿಗೇ ಇಳಿಯುತ್ತದೆ. ಊರಿನ ಟೀ ಶರ್ಟ್ ಅಂಗಡಿಗಳಲ್ಲಿ ಮತ್ತು ಆಟದ ಪೋಷಕರ ಸಂಘದ ಬಳಿ ಇರುವ ಹಳೆಯ ಕಸೂತಿ ವಿನ್ಯಾಸದ ಫೈಲುಗಳನ್ನೂ ಅದೇ ದಿನ ಬದಲಿಸಿ ಕೊಡಬೇಕು, ಇಲ್ಲದಿದ್ದರೆ ನೆಲದಿಂದ ಹೋದ ಮೋಡ ಮುಂದಿನ ಶುಕ್ರವಾರದ ಆಟದ ಹೊತ್ತಿಗೆ ಪ್ರೇಕ್ಷಕರ ಅಂಗಿಯ ಮೇಲೆ ಗ್ಯಾಲರಿಯಲ್ಲಿ ಕೂತಿರುತ್ತದೆ.