ಕರೆಂಟಿನ ಕಾವಲೋ, ಒತ್ತೆಯ ಕಾವಲೋ?

ಬಿಟ್‌ಕಾಯಿನ್‌ನಂಥ ಕ್ರಿಪ್ಟೊ ಹಣದ ಲೆಕ್ಕದ ಪುಸ್ತಕಕ್ಕೆ ಹೊಸ ಪುಟವನ್ನು (ಬ್ಲಾಕ್) ಯಾರು ಸೇರಿಸಬೇಕೆಂದು ಯಂತ್ರಗಳ ದುಡಿಮೆಯಿಂದ ತೀರ್ಮಾನಿಸುವ ವಿಧಾನ ಪ್ರೂಫ್ ಆಫ್ ವರ್ಕ್. ಅದೆಂದರೆ ಕಷ್ಟದ ಗಣಿತ ಬಿಡಿಸುವುದು ಎಂದು ಬಹಳ ಮಂದಿ ಬರೆಯುತ್ತಾರೆ. ಗಣಿತವೇನೂ ಅಲ್ಲ, ಬರೀ ಲಾಟರಿ. ಬಿಟ್‌ಕಾಯಿನ್‌ನಲ್ಲಿ 80 ಬೈಟ್‌ಗಳ ಬ್ಲಾಕ್ ಹೆಡರನ್ನು (ಬ್ಲಾಕಿನ ತಲೆಬರಹ) ಎರಡು ಸಲ ಎಸ್‌ಎಚ್‌ಎ-256ಕ್ಕೆ (ಯಾವುದೇ ಡೇಟಾದಿಂದ ಊಹಿಸಲಾಗದ ಸಂಖ್ಯೆ ಕೊಡುವ ಸೂತ್ರ) ಹಾಕಿ, ಬಂದ ಸಂಖ್ಯೆ ಜಾಲ ನಿಗದಿಪಡಿಸಿದ ಗುರಿಯನ್ನು ಮೀರದಿದ್ದರೆ ಬ್ಲಾಕ್ ನಿಮ್ಮದು. ಮೀರಿದರೆ ನಾನ್ಸ್ (ಹೆಡರ್‌ನಲ್ಲಿ ಇಷ್ಟಬಂದಂತೆ ಬದಲಿಸಬಹುದಾದ ಸಂಖ್ಯೆ) ಬದಲಿಸಿ ಮತ್ತೆ ನೋಡಬೇಕು. ನಾನ್ಸ್‌ಗಿರುವುದು 32 ಬಿಟ್, ಅಂದರೆ ಸುಮಾರು 430 ಕೋಟಿ ಆಯ್ಕೆ. ಈ ಲಾಟರಿಗೆಂದೇ ಇರುವ ಈಗಿನ ಮೈನಿಂಗ್ ಯಂತ್ರ ಅಷ್ಟನ್ನೂ ಕಣ್ಣು ಮಿಟುಕಿಸುವುದರೊಳಗೆ ಮುಗಿಸುತ್ತದೆ. ಆಮೇಲೆ ಕಾಯಿನ್‌ಬೇಸ್ ವಹಿವಾಟಿನಲ್ಲಿರುವ (ಗೆದ್ದವರ ಬಹುಮಾನ ದಾಖಲಿಸುವ ವಹಿವಾಟು) ಎಕ್ಸ್‌ಟ್ರಾ ನಾನ್ಸ್ ಬದಲಿಸಿ, ಮರ್ಕಲ್ ರೂಟ್ (ಬ್ಲಾಕಿನ ಎಲ್ಲ ವಹಿವಾಟುಗಳ ಸಾರವಾಗಿ ಹೆಡರ್‌ನಲ್ಲಿರುವ ಸಂಖ್ಯೆ) ಹೊಸದಾಗಿ ಲೆಕ್ಕ ಹಾಕಿ, ಮೊದಲಿನಿಂದ ಶುರು. ಯಂತ್ರಗಳು ಎಷ್ಟೇ ಹೆಚ್ಚಲಿ, 2016 ಬ್ಲಾಕ್‌ಗೊಮ್ಮೆ ಗುರಿ ಬಿಗಿಯಾಗಿ ವೇಗ ಮತ್ತೆ 10 ನಿಮಿಷಕ್ಕೊಂದು ಬ್ಲಾಕಿಗೇ ಬರುತ್ತದೆ. ಹೆಚ್ಚುವುದು ಕರೆಂಟ್ ಖರ್ಚು. (ಭದ್ರತೆಯೂ ಹೆಚ್ಚುತ್ತದೆ, ಸುಳ್ಳು ಹೇಳಬಾರದು.) ಸಣ್ಣ ಜಾಲಗಳಿಗೆ ಆ ಭಾಗ್ಯವಿಲ್ಲ: 2020ರ ಆಗಸ್ಟ್‌ನಲ್ಲಿ ಎಥೀರಿಯಂ ಕ್ಲಾಸಿಕ್ ಮೇಲೆ ಶೇ 51ರ ದಾಳಿ (ಜಾಲದ ಅರ್ಧಕ್ಕಿಂತ ಹೆಚ್ಚು ಗಣನಾ ಶಕ್ತಿ ಹಿಡಿದು ದಾಖಲೆ ಬದಲಿಸುವುದು) ಮತ್ತೆ ಮತ್ತೆ ನಡೆಯಿತು.

ಇನ್ನೊಂದು ದೊಡ್ಡ ಕ್ರಿಪ್ಟೊ ಜಾಲ ಎಥೀರಿಯಂ 2022ರ ಸೆಪ್ಟೆಂಬರ್ 15ರಂದು ಪ್ರೂಫ್ ಆಫ್ ಸ್ಟೇಕ್‌ಗೆ, ಅಂದರೆ ಕರೆಂಟಿನ ಬದಲು ಹಣ ಒತ್ತೆಯಿಡುವ ವಿಧಾನಕ್ಕೆ, ಹೊರಳಿತು. ಕನಿಷ್ಠ 32 ಈಥರ್ (ಎಥೀರಿಯಂನ ನಾಣ್ಯ) ಒತ್ತೆಯಿಟ್ಟರೆ ನೀವು ವ್ಯಾಲಿಡೇಟರ್, ಅಂದರೆ ಬ್ಲಾಕ್‌ಗಳನ್ನು ಪರಿಶೀಲಿಸಿ ಸಹಿ ಹಾಕುವವರು. ಸ್ಲಾಟ್‌ಗೆ (ಒಂದು ಬ್ಲಾಕಿನ ಸರದಿ) 12 ಸೆಕೆಂಡ್, 32 ಸ್ಲಾಟ್ ಸೇರಿ ಒಂದು ಎಪಾಕ್. ಒತ್ತೆಯ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಆಫ್‌ಲೈನ್ ಆದರೆ ಬ್ಲಾಕ್‌ಗಳು ಅಂತಿಮವಾಗುವುದೇ (ಇನ್ನು ಬದಲಾಗದಂತೆ ಖಾಯಂ ಆಗುವುದು) ನಿಲ್ಲುತ್ತದೆ.

ವ್ಯಾಲಿಡೇಟರ್‌ಗೆ ಕೆಲವು ಗಂಟೆ ನೆಟ್ ಹೋದರೆ ನಷ್ಟ ಚಿಲ್ಲರೆ. ದುಬಾರಿ ಬೀಳುವುದು ಅತಿ ಜಾಣತನ: ಬ್ಯಾಕಪ್ ಇರಲಿ ಎಂದು ಒಂದೇ ಕೀಯನ್ನು (ಸಹಿ ಹಾಕಲು ಬಳಸುವ ಗುಟ್ಟಿನ ಸಂಕೇತ) ಎರಡು ಯಂತ್ರಗಳಲ್ಲಿ ಓಡಿಸುವುದು. ಒಂದೇ ಸ್ಲಾಟ್‌ಗೆ ಎರಡು ಬೇರೆ ಬೇರೆ ಸಹಿ ಬಿದ್ದರೆ ಸ್ಲ್ಯಾಶಿಂಗ್. ಒತ್ತೆಯಲ್ಲೇ ಕಡಿತ, ಜಾಲದಿಂದ ಉಚ್ಚಾಟನೆ. ಯಂತ್ರ ಬದಲಿಸುವಾಗ ಹಳೆಯದನ್ನು ನಿಲ್ಲಿಸಿ, ಸ್ಲ್ಯಾಶಿಂಗ್ ರಕ್ಷಣೆಯ ಡೇಟಾ (ಈವರೆಗೆ ಹಾಕಿದ ಸಹಿಗಳ ದಾಖಲೆ) ಎಕ್ಸ್‌ಪೋರ್ಟ್ ಮಾಡಿ, ಅಲ್ಲಿನ ಕೀ ಅಳಿಸಿ. ಡೇಟಾವನ್ನು ಹೊಸದಕ್ಕೆ ಹಾಕಿ ಎರಡು-ಮೂರು ಎಪಾಕ್ ಕಾದ ಮೇಲೆ ಚಾಲೂ ಮಾಡಿ.