ಓಹಾಯೋದಲ್ಲಿ ಗೇರ್‌ಬಾಕ್ಸ್ ಇಳಿಸಿದ ಕಥೆ

ಕ್ಲಚ್ ಸವೆದ ಗಾಡಿ ತನ್ನ ಕಾಯಿಲೆಯನ್ನು ತಾನೇ ಹೇಳುತ್ತದೆ. ಹೈವೇಗೆ ಸೇರುವ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರೆ ಇಂಜಿನ್ ಕೂಗುತ್ತದೆ, ಆರ್‌ಪಿಎಂ ಮುಳ್ಳು ಮೇಲೇರುತ್ತದೆ, ವೇಗ ಮಾತ್ರ ಇದ್ದಲ್ಲೇ ಇರುತ್ತದೆ. ಆಮೇಲೆ ಸುಟ್ಟ ವಾಸನೆ. ನನ್ನ 2004ರ ಫೋರ್ಡ್ ರೇಂಜರ್ ಪಿಕಪ್ ಹೀಗೆ ಮಾಡತೊಡಗಿದಾಗ ಇಲ್ಲಿನ ಒಂದು ಗ್ಯಾರೇಜಿನಲ್ಲಿ ಕೇಳಿದೆ. ಸಾವಿರ ಡಾಲರಿನ ಮೇಲೆ ಹೇಳಿದರು. ಅದರಲ್ಲಿ ಸಾಮಾನಿನ ಬೆಲೆ ಇನ್ನೂರರ ಆಸುಪಾಸು, ಉಳಿದದ್ದೆಲ್ಲ ಕೂಲಿ. ಕ್ಲಚ್ ಇರುವುದು ಇಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ, ಗೇರ್‌ಬಾಕ್ಸ್ ಇಳಿಸದೆ ಅದು ಕೈಗೆ ಸಿಗದು. ಮನೆಯಲ್ಲೇ ಬಿಚ್ಚುವುದೆಂದು ತೀರ್ಮಾನಿಸಿದೆ.

ಊರಲ್ಲಿದ್ದಿದ್ದರೆ ಈ ಯೋಚನೆಯೇ ಬರುತ್ತಿರಲಿಲ್ಲ. ತಿಪಟೂರಿನಲ್ಲಿ ಭಾವನ ಗ್ಯಾರೇಜಿದೆ, ಬೆಳಗ್ಗೆ ಬಿಟ್ಟರೆ ಸಂಜೆಗೆ ಗಾಡಿ ಸಿದ್ಧ. ಇಲ್ಲಿ ಹೊಸದಾಗಿ ಮಾರಾಟವಾಗುವ ಗಾಡಿಗಳಲ್ಲಿ ಕಾಲಿಗೆ ಕ್ಲಚ್ ಸಿಗುವಂಥವು ನೂರಕ್ಕೆ ಎರಡೂ ಇಲ್ಲ. 2011ಕ್ಕೆ ನಿಂತುಹೋದ ರೇಂಜರ್ 2019ರಲ್ಲಿ ಅಮೆರಿಕಕ್ಕೆ ಮರಳಿದ್ದು ಕೂಡ ಆಟೊಮ್ಯಾಟಿಕ್ ಆಗಿಯೇ. ಹಾಗಾಗಿ ಗೇರ್ ಹಾಕಿ ಓಡಿಸುವ ಹಳೆಯ ಪಿಕಪ್ ಇಟ್ಟುಕೊಂಡವರು ಅದರ ಕೆಲಸವನ್ನೂ ಕಲಿತುಕೊಂಡಿರುತ್ತಾರೆ. ಅದಕ್ಕೆ ಬೇಕಾದ ಅನುಕೂಲವೂ ಇಲ್ಲಿದೆ. ಊರಿನವರಿಗೆ ಮುಖ್ಯವಾಗಿ ಹೇಳಬೇಕು ಅನ್ನಿಸಿದ್ದು ಇದನ್ನೇ.

ಆಟೋಜೋನ್, ಓ'ರೈಲಿಯಂಥ ಬಿಡಿಭಾಗದ ಅಂಗಡಿಗಳಲ್ಲಿ ಉಪಕರಣಗಳನ್ನು ಎರವಲು ಕೊಡುತ್ತಾರೆ. ಅದರ ಪೂರ್ತಿ ಬೆಲೆಯನ್ನು ಠೇವಣಿ ಇಡಬೇಕು, ಕೆಲಸ ಮುಗಿಸಿ ವಾಪಸ್ ಕೊಟ್ಟರೆ ಪೂರ್ತಿ ಹಣ ವಾಪಸ್. ಬೇರಿಂಗ್ ಕೀಳುವ ಪುಲ್ಲರ್, ಟಾರ್ಕ್ ರೆಂಚ್, ಹೈಡ್ರಾಲಿಕ್ ಪೈಪ್ ಬಿಡಿಸುವ ಸಾಧನ, ಎಲ್ಲವನ್ನೂ ಹೀಗೇ ತಂದೆ. ಗೇರ್‌ಬಾಕ್ಸ್ ಇಳಿಸುವ ಜಾಕ್ ಮಾತ್ರ ಬಾಡಿಗೆಯದು. ವರ್ಷಕ್ಕೊಮ್ಮೆಯೂ ಬೇಡದ ಉಪಕರಣವನ್ನು ಯಾರು ಕೊಂಡಾರು? ನಮ್ಮ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಗದ ಬಿಡಿಭಾಗವಿಲ್ಲ. ಅಲ್ಲಿಯೂ ಒಬ್ಬರು ಹೀಗೆ ಎರವಲು ಕೊಡುವ ಪದ್ಧತಿ ಶುರುಮಾಡಿದರೆ ಎಷ್ಟೋ ಹುಡುಗರು ಕೈಯಾರೆ ಕೆಲಸ ಕಲಿಯುತ್ತಾರೆ ಎಂದು ನನಗೆ ನಿಜವಾಗಿ ಅನ್ನಿಸುತ್ತದೆ.

ಕೆಲಸ ಶುರುವಾಗುವುದು ಬ್ಯಾಟರಿಯ ನೆಗೆಟಿವ್ ವೈರ್ ಕಳಚುವುದರಿಂದ. ಇನ್ನೊಂದು ಎಚ್ಚರಿಕೆ ಅದಕ್ಕಿಂತ ದೊಡ್ಡದು. ಗಾಡಿ ನಿಲ್ಲಿಸಿ ಫಸ್ಟ್ ಗೇರ್ ಹಾಕಿದ್ದೇನಲ್ಲ, ಉರುಳುವುದಿಲ್ಲ ಅಂದುಕೊಳ್ಳಬಾರದು. ಹಿಂದಿನ ಗಾಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟ್ ಬಿಚ್ಚಿದ ಕ್ಷಣ ಗೇರಿಗೂ ಗಾಲಿಗೂ ಸಂಬಂಧ ತಪ್ಪುತ್ತದೆ. ಅದಕ್ಕೇ ಮೊದಲೇ ಗಾಲಿಗೆ ಅಡೆ ಕೊಟ್ಟು, ಪಾರ್ಕಿಂಗ್ ಬ್ರೇಕ್ ಹಾಕಿ, ಚಾಸಿಯನ್ನು ಗಟ್ಟಿ ಸ್ಟ್ಯಾಂಡುಗಳ ಮೇಲೆ ಕೂರಿಸಿ, ಪಕ್ಕದಿಂದ ಜೋರಾಗಿ ಅಲ್ಲಾಡಿಸಿ ನೋಡಿಯೇ ಕೆಳಗೆ ನುಸುಳಿದ್ದು. ಬರೀ ಜಾಕಿಯನ್ನು ನಂಬಿ ಗಾಡಿಯ ಕೆಳಗೆ ಯಾರೂ ಹೋಗಬೇಡಿ. ಇದನ್ನು ಊರಿನ ಹುಡುಗರಿಗೆ ಕೈಮುಗಿದು ಹೇಳುತ್ತೇನೆ.

ಶಾಫ್ಟ್ ಕಳಚುವ ಮೊದಲು, ಅದು ಬೋಲ್ಟಿನಿಂದ ಕೂಡುವ ಎರಡೂ ಬಿಲ್ಲೆಗಳ (ಫ್ಲಾಂಜ್) ಮೇಲೆ ಬಿಳಿ ಬಣ್ಣದ ಗೆರೆ ಎಳೆದುಕೊಂಡೆ, ಮತ್ತೆ ಅದೇ ಜಾಗಕ್ಕೆ ಕೂರಲಿ ಎಂದು. ಕ್ಯಾಬಿನ್ ಒಳಗಿಂದ ಗೇರ್ ಲಿವರ್, ಕೆಳಗಿಂದ ಸ್ಟಾರ್ಟರ್ ಮೋಟಾರ್ ಹೊರಬಂದವು. ಪೆಡಲಿನ ಒತ್ತಡವನ್ನು ಕ್ಲಚ್ಚಿಗೆ ಮುಟ್ಟಿಸುವ ಎಣ್ಣೆಯ ಪೈಪನ್ನು ಹಿಡಿದಿರುವುದು ಒಂದು ಬಿಳಿ ಪ್ಲಾಸ್ಟಿಕ್ ಬಳೆ. ಅದನ್ನು ಒಳಕ್ಕೆ ಒತ್ತಿ ಹಿಡಿದುಕೊಂಡೇ ಪೈಪ್ ಎಳೆಯಬೇಕು. ನಿಜವಾಗಿ ಸತಾಯಿಸಿದ್ದು ಗೇರ್‌ಬಾಕ್ಸಿನ ನೆತ್ತಿಯ ಮೇಲಿನ ಬೋಲ್ಟುಗಳು. ಓಹಾಯೋದಲ್ಲಿ ಚಳಿಗಾಲದ ಹಿಮಕ್ಕೆ ರಸ್ತೆಗೆ ಉಪ್ಪು ಸುರಿಯುತ್ತಾರೆ, ಗಾಡಿಯ ತಳವೆಲ್ಲ ತುಕ್ಕು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಹೊಡೆದಿಟ್ಟು, ಉದ್ದುದ್ದ ಎಕ್ಸ್‌ಟೆನ್ಷನ್‌ಗಳನ್ನು ಒಂದಕ್ಕೊಂದು ಸೇರಿಸಿ, ಹಿಂದಿನಿಂದ ತೂರಿಸಿ ತಿರುಗಿಸಿದಾಗ ಟಕ್ ಎಂದು ಸಡಿಲವಾದವು. ಪಕ್ಕದ ಮನೆಯ ನಿವೃತ್ತ ಲಾರಿ ಡ್ರೈವರ್ ಜಾಕ್ ಹಿಡಿದರು, ನಾನು ಅಲುಗಾಡಿಸುತ್ತ ಹಿಂದಕ್ಕೆ ಎಳೆದೆ. ನೂರು ಪೌಂಡಿನ ಹತ್ತಿರದ ತೂಕ. ಅದನ್ನು ಒಬ್ಬರೇ ಇಳಿಸಲು ಹೋಗಲೇಬಾರದು.

ಒಳಗೆ ಕಂಡದ್ದನ್ನು ವೀಡಿಯೊ ಕಾಲ್‌ನಲ್ಲಿ ಭಾವನಿಗೆ ತೋರಿಸಿದೆ. ಕ್ಲಚ್ ಪ್ಲೇಟಿನ ಲೈನಿಂಗ್ ತೆಳ್ಳಗಾಗಿ ರಿವೆಟ್ಟಿನ ತಲೆಗಳು ಹೊಳೆಯುತ್ತಿದ್ದವು. ಇಂಜಿನ್ನಿನ ಹಿಂದೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲಿನ ಮೇಲೆ ಬಿಸಿಗೆ ನೀಲಿಗಟ್ಟಿದ ಕಲೆಗಳು. "ಪ್ಲೇಟ್ ಒಂದನ್ನೇ ಹಾಕಿ ಮುಚ್ಚಿಬಿಡಬೇಡ ಕಣೋ" ಅಂದರು ಭಾವ. "ನಾಳೆ ಬೇರಿಂಗ್ ಸದ್ದು ಮಾಡಿದರೆ ಮತ್ತೆ ಇದೇ ರಾಮಾಯಣ."

ಅವರ ಮಾತಿಗೆ ರೇಂಜರಿಗಿಂತ ಒಳ್ಳೆಯ ಉದಾಹರಣೆ ಇಲ್ಲ. ಪೈಪಿನಿಂದ ಬರುವ ಎಣ್ಣೆಯ ಒತ್ತಡದಲ್ಲಿ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಎಷ್ಟೋ ಗಾಡಿಗಳಲ್ಲಿ ಹೊರಗಿರುತ್ತದೆ, ಸೋರಿದರೆ ಎರಡು ಬೋಲ್ಟಿನ ಕೆಲಸ. ಇದರಲ್ಲಿ ಅದು ಗೇರ್‌ಬಾಕ್ಸಿನ ಶಾಫ್ಟನ್ನು ಸುತ್ತುವರಿದು ಒಳಗೇ ಕೂತಿದೆ. ಸಣ್ಣದೊಂದು ಸೀಲ್ ಹೋದರೂ ಇಡೀ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕು. ಹೀಗಾಗಿ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಸ್ಲೇವ್ ಸಿಲಿಂಡರ್, ಎಲ್ಲವೂ ಹೊಸದು. ಫ್ಲೈವೀಲನ್ನು ಮಷೀನ್ ಶಾಪಿಗೆ ಒಯ್ದು ಮಟ್ಟ ಮಾಡಿಸಿದೆ. ಒಳಗಿನ ಕಪ್ಪು ಧೂಳನ್ನು ಊದಿ ಹಾರಿಸಲಿಲ್ಲ. ಹಳೆಯ ಲೈನಿಂಗುಗಳಲ್ಲಿ ಆಸ್‌ಬೆಸ್ಟಾಸ್ ಇರುತ್ತಿತ್ತು, ಆ ಧೂಳು ಶ್ವಾಸಕೋಶಕ್ಕೆ ವಿಷ. ಬ್ರೇಕ್ ಕ್ಲೀನರ್‌ನಿಂದ ಒದ್ದೆ ಮಾಡಿ ಒರೆಸಿದೆ. ಊರಿನ ಗ್ಯಾರೇಜುಗಳಲ್ಲಿ ಏರ್ ಹೊಡೆದು ಧೂಳು ಹಾರಿಸುವುದು ಕಣ್ಣಾರೆ ಕಂಡದ್ದು. ಭಾವನಿಗೂ ಹೇಳಿದೆ, ಇನ್ನು ಹುಡುಗರಿಗೆ ಹಾಗೆ ಮಾಡಲು ಬಿಡುವುದಿಲ್ಲ ಅಂದರು.

ಜೋಡಿಸುವಾಗ ಪ್ಲೇಟ್ ನಟ್ಟನಡುವೆ ಕೂರಲೇಬೇಕು, ಇಲ್ಲದಿದ್ದರೆ ಗೇರ್‌ಬಾಕ್ಸಿನ ಶಾಫ್ಟ್ ಒಳಗೆ ಹೋಗುವುದಿಲ್ಲ. ಅದಕ್ಕೆಂದೇ ಕ್ಲಚ್ ಕಿಟ್ಟಿನಲ್ಲಿ ಒಂದು ಪ್ಲಾಸ್ಟಿಕ್ ಕಡ್ಡಿ ಕೊಟ್ಟಿರುತ್ತಾರೆ. ಅದನ್ನು ತೂರಿಸಿಟ್ಟುಕೊಂಡು ಪ್ರೆಶರ್ ಪ್ಲೇಟಿನ ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಸಿದೆ. ಪ್ಲೇಟಿನ ಯಾವ ಮುಖ ಫ್ಲೈವೀಲಿನ ಕಡೆ ಎಂದು ಅದರ ಮೇಲೇ ಅಚ್ಚಾಗಿರುತ್ತದೆ. ಓದಿಕೊಂಡು ಹಾಕಬೇಕು. ಗೇರ್‌ಬಾಕ್ಸ್ ಸರಾಗವಾಗಿ ಕೂರದಿದ್ದರೆ ಬೋಲ್ಟ್ ಬಿಗಿಸಿ ಎಳೆದುಕೊಳ್ಳಬಾರದು. ಹೊರಗೆ ತೆಗೆದು, ಸರಿಮಾಡಿ, ಮತ್ತೆ ತೂರಿಸುವುದೇ ದಾರಿ.

ಕೊನೆಗೆ ಉಳಿದದ್ದು ಪೈಪಿನೊಳಗಿನ ಗಾಳಿ ತೆಗೆಯುವ ಕೆಲಸ. ಈ ಮಾಡೆಲಿನಲ್ಲಿ, ಪೆಡಲ್ ತುಳಿದಾಗ ಎಣ್ಣೆ ತಳ್ಳುವ ಮಾಸ್ಟರ್ ಸಿಲಿಂಡರ್ ಓರೆಯಾಗಿರುವುದರಿಂದ ಗಾಳಿಗುಳ್ಳೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹೆಂಡತಿ ಸೀಟಿನಲ್ಲಿ ಕೂತು "ಒತ್ತಿದೆ ರೀ... ಬಿಟ್ಟೆ ರೀ..." ಅನ್ನುತ್ತ ಪೆಡಲ್ ತುಳಿದಳು, ನಾನು ಕೆಳಗೆ ಮಲಗಿ ಗಾಳಿ ಬಿಡುವ ನಿಪ್ಪಲ್ ತೆರೆದು ಮುಚ್ಚಿದೆ. ಪೆಡಲ್ ಗಟ್ಟಿಯಾಗುವ ತನಕ ತಾಳ್ಮೆ ಬೇಕು, ಬೇರೆ ಯಾವ ವಿದ್ಯೆಯೂ ಇಲ್ಲಿ ನಡೆಯದು.

ಹೊಸ ಪ್ಲೇಟ್ ಪಳಗಲು ಸುಮಾರು ಐನೂರು ಮೈಲು ಊರೊಳಗೇ, ಭಾರ ಹೇರದೆ ಓಡಿಸಬೇಕು. ಹಿತ್ತಲ ತರಕಾರಿ ಮಡಿಗೆ ಗೊಬ್ಬರ ತರುವುದು ಅಲ್ಲಿಯವರೆಗೆ ಮುಂದಕ್ಕೆ ಹೋಗಿದೆ. ಎರವಲು ಸಾಮಾನು ವಾಪಸ್ ಕೊಟ್ಟು ಠೇವಣಿ ಪಡೆದದ್ದಾಯಿತು.