ಸಿಮಾಂಡೆಯ 2015ರ ಆಲ್ಬಮ್: ಮೊದಲು ಸ್ಪೀಕರಿನ ಜಾಗ ಬದಲಿಸಿ

ಲಂಡನ್ನಿನ ಸಂಗೀತ ಗುಂಪು ಸಿಮಾಂಡೆ ಅಂದರೆ ಬೆಂಗಳೂರಿನ ಫಂಕ್ (ತಾಳ, ಬೇಸ್ ಮುಂದಿರುವ ಕುಣಿತದ ಸಂಗೀತ) ಪ್ರಿಯರ ಬಾಯಲ್ಲಿ ಮೊದಲು ಬರುವುದು 1972ರ ಚೊಚ್ಚಲ ಆಲ್ಬಮ್. ಆಮೇಲೆ 2025ರ ‘ರೆನೆಸೆನ್ಸ್’. ಇವೆರಡರ ನಡುವೆ, 2015ರಲ್ಲಿ ಗುಂಪು ಮತ್ತೆ ಒಟ್ಟಾಗಿ ಹೊರತಂದ ‘ಎ ಸಿಂಪಲ್ ಆ್ಯಕ್ಟ್ ಆಫ್ ಫೇಯ್ತ್’ ಕೇಳಿದವರು ಕಡಿಮೆ. ಕೇಳಿದವರು ಮಾತ್ರ ಅದನ್ನು ಬಿಟ್ಟುಕೊಡುವುದಿಲ್ಲ. ಈ ಬರಹ ಅವರ ಪರವಾಗಿ.

ಹಿನ್ನೆಲೆ ಚಿಕ್ಕದಾಗಿ ಹೇಳಿಬಿಡೋಣ. ಗಯಾನಾದಲ್ಲಿ ಹುಟ್ಟಿ ದಕ್ಷಿಣ ಲಂಡನ್ನಿನ ಬ್ಯಾಲಂನಲ್ಲಿ ಬೆಳೆದ ಗಿಟಾರ್ ವಾದಕ ಪ್ಯಾಟ್ರಿಕ್ ಪ್ಯಾಟರ್‌ಸನ್, ಬೇಸ್ ವಾದಕ ಸ್ಟೀವ್ ಸಿಪಿಯೊ ಕಟ್ಟಿದ ಗುಂಪು ಇದು. ಮೊದಲ ಮೂರು ಆಲ್ಬಮ್ 1972ರಿಂದ 1974ರ ಒಳಗೇ ಬಂದವು. ಅಮೆರಿಕದಲ್ಲಿ ಹೆಸರಾಯಿತು, ಬ್ರಿಟನ್ನಿನಲ್ಲಿ ಕೇಳುವವರಿರಲಿಲ್ಲ, ಗುಂಪು ಚದುರಿತು. ಪ್ಯಾಟರ್‌ಸನ್, ಸಿಪಿಯೊ ಇಬ್ಬರೂ ವಕೀಲರಾದರು. ಅತ್ತ ನ್ಯೂಯಾರ್ಕಿನ ಬ್ರಾಂಕ್ಸ್‌ನ ಡಿಜೆಗಳು ಇವರ ‘ಬ್ರಾ’ ಹಾಡಿನ ನಡುವಿನ ಬೇಸ್ ಮತ್ತು ತಾಳದ ತುಣುಕನ್ನು ಎರಡು ರೆಕಾರ್ಡ್ ಇಟ್ಟುಕೊಂಡು ಮತ್ತೆ ಮತ್ತೆ ತಿರುಗಿಸಿದರು. 1989ರಲ್ಲಿ ಹಿಪ್‌ಹಾಪ್ ಗುಂಪು ಡಿ ಲಾ ಸೋಲ್ ಅದೇ ಹಾಡಿನಿಂದ ಸ್ಯಾಂಪಲ್ (ಹೊಸ ಹಾಡಿಗೆ ಬಳಸುವ ಹಳೆಯ ಹಾಡಿನ ತುಣುಕು) ತೆಗೆದುಕೊಂಡಿತು, 1996ರಲ್ಲಿ ಇನ್ನೊಂದು ಹಿಪ್‌ಹಾಪ್ ಗುಂಪು ಫ್ಯೂಜೀಸ್ ಇವರದೇ ‘ಡವ್’ ಹಾಡಿನಿಂದ.

ಈ ಹೊಸ ತಲೆಮಾರಿನ ಪ್ರೀತಿಯೇ 2015ರ ಆಲ್ಬಮ್ಮಿಗೆ ಅಡ್ಡ ಬಂತು ಅನ್ನುವುದು ನಮ್ಮ ಅಭಿಪ್ರಾಯ. ಸ್ಯಾಂಪಲ್ ಮೂಲಕ ಬಂದ ಕೇಳುಗರು ಕತ್ತರಿಸಿ ಬಳಸಬಹುದಾದ ಎಂಟು ಸೆಕೆಂಡಿನ ತುಣುಕು ಹುಡುಕಿದರು. ಇದು ಹಾಗೆ ತುಣುಕಾಗುವ ಸಂಗೀತವಲ್ಲ. ಗುಂಪಿನ ಕುರಿತ ಸಾಕ್ಷ್ಯಚಿತ್ರ ಬಂದದ್ದು 2022ರಲ್ಲಿ. ಅದು ಎಬ್ಬಿಸಿದ ಕುತೂಹಲದ ಫಲವೆಲ್ಲ ‘ರೆನೆಸೆನ್ಸ್’ಗೆ ಸಿಕ್ಕಿತು.

ಕೇಳುವಾಗ ಕೆಳಗಿನಿಂದ ಮೇಲಕ್ಕೆ ಹೋಗಿ. ಇವರ ತಾಳದ ಬೇರು ಜಮೈಕಾದ ನ್ಯಾಬಿಂಗಿಯಲ್ಲೂ (ರಾಸ್ತಫಾರಿ ಪಂಥದ ಭಕ್ತಿಕೂಟಗಳ ಡೋಲುವಾದನ) ಇದೆ. ಅಲ್ಲಿ ಮೂರು ಡೋಲು: ದೊಡ್ಡ ಬೇಸ್ ಡೋಲು, ಎದೆಬಡಿತದಂತೆ ಒಂದೇ ಸಮನೆ ನಡೆಯುವ ಫುಂಡೆ, ಮೇಲೆ ಮಾತಾಡುತ್ತಾ ಹೋಗುವ ರಿಪೀಟರ್. ಅಮೆರಿಕದ ಗಾಯಕ ಜೇಮ್ಸ್ ಬ್ರೌನ್ ದಾರಿಯ ಫಂಕ್ ಮೊದಲ ಎಣಿಕೆಗೆ ಬಲವಾಗಿ ಬಡಿಯುತ್ತದೆ. ಸಿಮಾಂಡೆ ಆ ಬಡಿತವನ್ನು ಸಡಿಲಿಸಿ ಕೊಂಗಾ (ಕೈಯಲ್ಲಿ ಬಡಿಯುವ ಎತ್ತರದ ಡೋಲು), ಬೇಸ್, ಗಿಟಾರಿಗೆ ಹಂಚುತ್ತದೆ. ಹಾಗಾಗಿ ಮೊದಲ ಸಲ ಸಿಪಿಯೊ ಬೇಸನ್ನಷ್ಟೇ ಹಿಂಬಾಲಿಸಿ, ಎರಡನೇ ಸಲ ಕೊಂಗಾ, ಮೂರನೇ ಸಲಕ್ಕೆ ಗಾಯನ ಮತ್ತು ಹಾರ್ನ್ (ಊದುವ ವಾದ್ಯಗಳು). ಗಾಯನದಿಂದ ಶುರುಮಾಡಿದವರೇ ‘ಚುರುಕಿಲ್ಲ’ ಅಂತ ಅರ್ಧಕ್ಕೆ ನಿಲ್ಲಿಸುವುದು.

ಬೇಸ್ ಕೇಳಿಸದಿದ್ದರೆ ಇದೆಲ್ಲ ವ್ಯರ್ಥ. ಬೇಸ್ ಗಿಟಾರಿನ ಅತಿ ಕೆಳಗಿನ ಇ ತಂತಿ 41 ಹರ್ಟ್ಸ್ (ಸೆಕೆಂಡಿಗೆ ಅಷ್ಟು ಕಂಪನ), ಎ ತಂತಿ 55. ಎರಡು ಇಂಚಿನ ಬ್ಲೂಟೂತ್ ಸ್ಪೀಕರ್ ಸಾಮಾನ್ಯವಾಗಿ 80ರ ಕೆಳಗೆ ಸೋಲುತ್ತದೆ. ಆಗ ಕೇಳಿಸುವುದು ಮೇಲಿನ ಹಾರ್ಮೋನಿಕ್ಸ್ (ಅದೇ ಸ್ವರದ ಎತ್ತರದ ಉಪಸ್ವರಗಳು) ಮಾತ್ರ. ಸ್ವರ ಗೊತ್ತಾಗುತ್ತದೆ, ತೂಕ ಸಿಗುವುದಿಲ್ಲ. ಅದಕ್ಕೆ ಬೇಸ್ ಬೂಸ್ಟ್ ಒತ್ತುವುದು ಮದ್ದಲ್ಲ. ಅದು ಉಬ್ಬಿಸುವುದು 100ರಿಂದ 200 ಹರ್ಟ್ಸ್ ಆಸುಪಾಸನ್ನು, ಕೊಂಗಾದ ಮೈ ಇರುವುದೂ ಅಲ್ಲೇ. ಎರಡೂ ಕಲಸಿಹೋಗುತ್ತವೆ. ಸಾಧಾರಣ ಬೆಲೆಯ ವೈರ್ ಇಯರ್‌ಫೋನ್ ಆದರೂ ಸರಿ, ಕಿವಿಗೆ ಬಿಗಿಯಾಗಿ ಕೂರುವ ರಬ್ಬರ್ ತುದಿ ಹಾಕಿ. ಸಂದಿ ಉಳಿದರೆ ಮೊದಲು ಸೋರಿಹೋಗುವುದು ಬೇಸೇ.

ದೊಡ್ಡ ಸ್ಪೀಕರ್ ಇದ್ದವರಿಗೆ ತೊಂದರೆ ಬೇರೆ. ನಮ್ಮ ಅಪಾರ್ಟ್‌ಮೆಂಟ್ ರೂಮುಗಳಲ್ಲಿ ನೆಲಕ್ಕೆ ಟೈಲ್ಸು, ಗೋಡೆ ಬರಿದು, ಎದುರುಬದುರು ಗೋಡೆಗಳ ನಡುವೆ ಹೆಚ್ಚಾಗಿ 10 ಅಡಿ. ಆ ಅಳತೆಗೆ ರೂಮು ತಾನಾಗಿಯೇ ಅನುರಣಿಸುವುದು ಸುಮಾರು 56 ಹರ್ಟ್ಸಿಗೆ, ಅಂದರೆ ಹೆಚ್ಚುಕಡಿಮೆ ಖಾಲಿ ಎ ತಂತಿಯ ಸ್ವರಕ್ಕೆ. ಹಿಂದಿನ ಗೋಡೆಗೆ ಒರಗಿ ಕೂತರೆ ಆ ಒಂದು ಸ್ವರ ಬಂದಾಗಲೆಲ್ಲ ‘ಭುಂ’ ಅನ್ನುತ್ತದೆ. ಸರಿಯಾಗಿ ಮಧ್ಯದಲ್ಲಿ ಕೂತರೆ ಅದೇ ಸ್ವರ ಮಾಯ. ಕುರ್ಚಿಯನ್ನು ಹಿಂಗೋಡೆಯಿಂದ ಮೂರೂವರೆ, ನಾಲ್ಕು ಅಡಿ ಮುಂದಕ್ಕೆ ಹಾಕಿ. ಸ್ಪೀಕರನ್ನು ಮೂಲೆಯಿಂದ ಈಚೆ ತಂದು ಗೋಡೆಯಿಂದ ಒಂದು, ಒಂದೂವರೆ ಅಡಿ ಬಿಡಿ. ಕಿಟಕಿಯ ಪರದೆ ಎಳೆದರೆ ಮೇಲಿನ ಸದ್ದು ತಗ್ಗುತ್ತದೆ, 56 ಹರ್ಟ್ಸಿಗೆ ಪರದೆ ಲೆಕ್ಕಕ್ಕೇ ಇಲ್ಲ. ಕೆಳಗಿನ ಮನೆಯವರಿಗೆ ಮೊದಲು ತಲುಪುವುದೂ ಇದೇ ಬೇಸ್, ಅದಕ್ಕೇ ಸ್ಪೀಕರಿನ ಅಡಿಗೆ ದಪ್ಪ ರಬ್ಬರ್ ಇಟ್ಟು, ರಾತ್ರಿ ಹತ್ತರ ಮೇಲೆ ಇಯರ್‌ಫೋನಿಗೆ ಹೋಗಿ.

1972ರ ಆಲ್ಬಮ್ಮಿನ ಜೊತೆ ಹೋಲಿಸುವ ಆಸೆ ಎಲ್ಲರಿಗೂ ಬರುತ್ತದೆ. ಹೋಲಿಸಿ, ಆದರೆ ಆ್ಯಪಿನಲ್ಲಿ ವಾಲ್ಯೂಮ್ ನಾರ್ಮಲೈಸೇಶನ್ (ಹಾಡುಗಳ ಸದ್ದನ್ನು ಒಂದೇ ಮಟ್ಟಕ್ಕೆ ತರುವ ಸೆಟ್ಟಿಂಗ್) ಆನ್ ಮಾಡಿಕೊಂಡು. ಒಂದೆರಡು ಡೆಸಿಬೆಲ್ ವ್ಯತ್ಯಾಸವಿದ್ದರೂ ಜೋರಾಗಿರುವುದೇ ನಮ್ಮ ಕಿವಿಗೆ ಚೆನ್ನಾಗಿ ಕಾಣುತ್ತದೆ. ಸದ್ದು ಸಮ ಮಾಡಿ ಕೇಳಿದರೆ ಹಳೆಯದರಲ್ಲಿ ಹುಡುಗರ ಹಸಿವಿದೆ, ಹೊಸದರಲ್ಲಿ ಅವಸರವಿಲ್ಲದ ಹಿಡಿತವಿದೆ. ನಲವತ್ತು ವರ್ಷದ ಮೇಲೆ ವಾಪಸ್ ಬಂದವರು ತಮ್ಮ ಹಳೆಯ ಹಾಡುಗಳ ನಕಲು ಮಾಡಲಿಲ್ಲ. ನಮಗೆ ಈ ಆಲ್ಬಮ್ ಮೇಲೆ ಅಕ್ಕರೆ ಹುಟ್ಟಿದ್ದೇ ಅದಕ್ಕೆ.

ನುಡಿಸುವವರಿಗೆ: ಯಾವ ಹಾಡಾದರೂ ಮೊದಲು 0.75 ವೇಗದಲ್ಲಿ ಇಟ್ಟುಕೊಳ್ಳಿ. ಹಾಡಿಲ್ಲದೆ ಅಭ್ಯಾಸ ಮಾಡುವಾಗ ಮೆಟ್ರೊನೋಮ್ ನಾಲ್ಕೂ ಎಣಿಕೆಗೆ ಬೇಡ, ಎರಡು ಮತ್ತು ನಾಲ್ಕಕ್ಕೆ ಮಾತ್ರ. ಬೇಸ್ ಸ್ವರ ಶುರುವಾಗುವ ಕ್ಷಣದಷ್ಟೇ ಅದು ಮುಗಿಯುವ ಕ್ಷಣವೂ ಮುಖ್ಯ. ಎಡಗೈ ಬೆರಳು ಸಡಿಲಿಸಿ ಸದ್ದು ಕಡಿಯದಿದ್ದರೆ ಸ್ವರ ಕೊಂಗಾ ಪೆಟ್ಟಿನ ಮೇಲೆ ಹರಿದುಹೋಗುತ್ತದೆ. ಆರ್ಕೆಸ್ಟ್ರಾದಿಂದ ಬಂದ ಕೊಂಗಾ ವಾದಕರಿಗೆ ಪ್ರತಿ ಸಾಲಿನ ಕೊನೆಗೆ ಒಂದು ರೋಲ್ (ಬಿರುಸಿನ ಸರಣಿ ಪೆಟ್ಟು) ಹಾಕುವ ರೂಢಿ ಇರುತ್ತದೆ. ಇಲ್ಲಿ ಅದನ್ನು ಹಾಕಿದರೆ ಮುಂದಿನ ಸಾಲಿಗೆ ಗಿಟಾರ್ ಬರುವ ಜಾಗವೇ ತುಂಬಿಹೋಗುತ್ತದೆ. ಹದಿನಾರು ಸಾಲು ಒಂದೇ ಮಾದರಿಯನ್ನು ವೇಗ ಏರಿಸದೆ ಹಿಡಿದು ನುಡಿಸಲು ಬಂದ ಮೇಲೆ ಮೆಟ್ರೊನೋಮ್ ತೆಗೆದು, ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಿ.